ಕದಿರೇಶನ ಬಿಳಿ ಕೋಟು

ನಾಲ್ಕು ಹೆಜ್ಜೆ ನಡೆದು ಐದನೆಯದನ್ನು ಇಡುವ ಮುನ್ನ ಕತ್ತು ತಿರುಗಿಸಿ ಹಿಂದೆ ನೋಡುವ ಮನುಷ್ಯ ಕದಿರೇಶ. ಯಲ್ದೂರಿನ ಬಸ್ ನಿಲ್ದಾಣದಲ್ಲಾಗಲಿ, ತನ್ನದೇ ಹಿಪ್ಪುನೇರಳೆ ತೋಟದ ಬದುವಿನ ಮೇಲಾಗಲಿ, ಬೆನ್ನ ಹಿಂದೆ ಏನೋ ನಡೆಯುತ್ತಿದೆಯೆಂಬ ಶಂಕೆ ಅವನ ನಡಿಗೆಯಲ್ಲೇ ಸೇರಿಹೋಗಿದೆ. ಯಾರು ಏನು ಹೇಳಿದರೂ ಅವನ ಮೊದಲ ಉತ್ತರ ತೆಲುಗಿನ ಒಂದೇ ಮಾತು: "ಅವುನಾ?" ಹೌದಾ ಎಂದು ಕೇಳುವ ಆ ಧ್ವನಿಯಲ್ಲಿ ಇಲ್ಲವೆಂಬ ತೀರ್ಪು ಆಗಲೇ ಬಂದಿರುತ್ತದೆ. ನನ್ನ ವಯಸ್ಸು ಅರವತ್ತೆರಡು ಎಂದಾಗಲೂ ಹಾಗೆಯೇ ಕೇಳಿ, ನನ್ನ ತಲೆಗೂದಲನ್ನು ಬಹಳ ಹೊತ್ತು ಪರೀಕ್ಷಿಸಿದ್ದ.

ನಮ್ಮೂರಲ್ಲಿ ಚಿರಂಜೀವಿಗಳ ಕತ್ತಿಯಾಟವೆಂಬ ಒಂದು ಆಟವಿದೆ; ಈ ಸಂಶಯಪಿಶಾಚಿಯೇ ಅದಕ್ಕೆ ನಿಯಮ ಬರೆದವನು. ಮಾವಿನ ಕೊಯ್ಲು ಮುಗಿದ ಮೇಲಿನ ಭಾನುವಾರಗಳಲ್ಲಿ ಊರಿನ ಹತ್ತು ಹದಿನೈದು ಜನ ಬರಿದಾದ ತೋಪಿನಲ್ಲಿ ಸೇರುತ್ತಾರೆ. ಆಟದಲ್ಲಿ ಎಲ್ಲರೂ ನೂರಾರು ವರ್ಷ ಬದುಕಿದ, ಕತ್ತಿಗೆ ಮಾತ್ರ ಸಾಯುವ ವೀರರು. ಹಾಲಿನ ಡೇರಿಯ ಶ್ರೀಧರ್‌ಗೆ ಅಲ್ಲಿ ಆರುನೂರು ವರ್ಷ. ಕತ್ತಿಯೆಂದರೆ ಸ್ಪಂಜು ಸುತ್ತಿದ ಪೈಪು. ಕಾದಾಟ ಇಬ್ಬರ ನಡುವೆ ಮಾತ್ರ, ಮೂರನೆಯವನು ಕೈಹಾಕಕೂಡದು; ಅರಳಿಕಟ್ಟೆಯ ಮೇಲೆ ಕತ್ತಿ ಎತ್ತಕೂಡದು; ಅಂಚು ಕೊರಳಿಗೋ ಕಾಲರಿಗೋ ತಾಕಿದರೆ ಸಾವು, ಹೊಡೆತ ಬೇಡ, ಸ್ಪರ್ಶ ಸಾಕು. ಕೊನೆಗೆ ಉಳಿದವರಿಗೆ ನಿಯಮದ ಪುಸ್ತಕ ಮತ್ತು ಅದರಲ್ಲಿ ಹೊಸದೊಂದು ನಿಯಮ ಬರೆಯುವ ಅಧಿಕಾರ. ಮೂರು ವರ್ಷದಿಂದ ಆ ಪುಸ್ತಕ ಕದಿರೇಶನ ಕೈಬಿಟ್ಟಿರಲಿಲ್ಲ. ಬಿಡುವ ಮಾತೆತ್ತಿದರೆ ಅವನ ಮುಖ ಸಪ್ಪಗಾಗುತ್ತಿತ್ತು.

ತಾಕಿದ್ದನ್ನು ಯಾರೂ ಒಪ್ಪುವುದಿಲ್ಲವೆಂಬುದು ಅವನ ದೃಢವಾದ ನಂಬಿಕೆ. ಅದಕ್ಕೆಂದೇ ಕತ್ತಿಯಂಚಿಗೆ ಪುಡಿ ಹಚ್ಚುವ ಕಟ್ಟಳೆ ತಂದ. ರೇಷ್ಮೆಹುಳುವಿನ ತಟ್ಟೆಗಳ ಮೇಲೆ ಉದುರಿಸುವ ಸುಣ್ಣದ ಪುಡಿ ಮನೆಮನೆಯಲ್ಲೂ ಇದ್ದದ್ದೇ. ಗುರುತು ಎದ್ದು ಕಾಣಲೆಂದು ಎಲ್ಲರಿಗೂ ಕಪ್ಪು ಅಂಗಿ ಕಡ್ಡಾಯ. ಆಟ ನಿಲ್ಲಿಸಿ, ಒಬ್ಬೊಬ್ಬರ ಕಾಲರು ಮಡಿಚಿ, ಕನ್ನಡಕ ಏರಿಸಿ ನೋಡುತ್ತಿದ್ದ. ಅವನದು ಮಾತ್ರ ಬಿಳಿ ಖಾದಿ ಕೋಟು. "ತೀರ್ಪು ಹೇಳೋನು ಬೇರೆ ಕಾಣ್ಬೇಕಲ್ಲಾ ಮೇಷ್ಟ್ರೇ," ಎಂದು ನನಗೆ ಹೇಳಿದ್ದ. ಬಿಳಿಯ ಮೇಲೆ ಸುಣ್ಣ ಕಾಣುವುದಿಲ್ಲವೆಂಬುದು ಎರಡನೆಯ ವರ್ಷ ನನಗೆ ಹೊಳೆಯಿತು. ಆದರೆ ಅವನ ರೋಗ ನನಗೂ ಅಂಟಿತೇನೋ ಎಂದು ನನ್ನ ಮೇಲೇ ಅನುಮಾನಪಟ್ಟೆ.

ಈ ವರ್ಷ ಕೊನೆಗೆ ಉಳಿದವರು ಅವನು ಮತ್ತು ಅವನ ಅಕ್ಕನ ಮಗಳು, ಕೋಲಾರದಲ್ಲಿ ಬಿ.ಎಡ್. ಓದುವ ಅರ್ಪಿತ. ಅವಳು ಹಿಡಿದು ಬಂದ ಕತ್ತಿಯ ಅಂಚು ಕಪ್ಪಗಿತ್ತು.

"ಏನಮ್ಮಾ ಇದು?"

"ಇದ್ದಿಲ ಪುಡಿ, ಮಾಮ. ಸುಣ್ಣ ಮುಗ್ದೋಗಿತ್ತು."

"ಅವುನಾ?"

ಪುಸ್ತಕವನ್ನು ಎರಡು ಸಲ ತಿರುವಿ ಹಾಕಿದ. ಪುಡಿ ಹಚ್ಚತಕ್ಕದ್ದು ಎಂದಿತ್ತೇ ಹೊರತು ಯಾವ ಪುಡಿಯೆಂದು ಎಲ್ಲೂ ಇರಲಿಲ್ಲ. ಹುಳು ಸಾಕುವವನಿಗೆ ಸುಣ್ಣ ಬಿಟ್ಟು ಬೇರೆಯದು ಹೊಳೆದೀತಾದರೂ ಹೇಗೆ!

"ಕೋಟು ಮಸಿ ಆಗುತ್ತೆ ಅಂದ್ರೆ ಬಿಚ್ಚಿಡು ಮಾಮ, ಕಾಯ್ತೀನಿ," ಎಂದಳು ಆ ಹುಡುಗಿ, ಬಹಳ ವಿನಯದಿಂದ. ಬಿಚ್ಚಿದರೆ ಇಷ್ಟು ವರ್ಷ ಏಕೆ ತೊಟ್ಟಿದ್ದನೆಂಬ ಪ್ರಶ್ನೆ ಏಳುತ್ತದೆ. ಒಮ್ಮೆ ನನ್ನ ಕಡೆ ನೋಡಿ, ಬಿಚ್ಚದೆಯೇ ಕತ್ತಿ ಎತ್ತಿಕೊಂಡ.

ಚೆನ್ನಾಗಿಯೇ ಆಡಿದ. ಆದರೆ ಅವಳು ಬಗ್ಗಿ ಹಿಂದಕ್ಕೆ ಸರಿದಾಗ ಅವನ ಕಾಲರಿನ ಮೇಲೆ ಬೆರಳುದ್ದದ ಕರಿಗೆರೆ ಬಿದ್ದಿತ್ತು. ಯಾರೂ ಹೇಳುವ ಮುನ್ನವೇ ಅವನು ಕಾಲರು ಮುಟ್ಟಿ, ಬೆರಳು ನೋಡಿಕೊಂಡು, "ಹೋದೆ ಕಣಮ್ಮಾ," ಎಂದು ಪುಸ್ತಕ ಅವಳ ಕೈಗಿಟ್ಟ. ಅವಳು ನಿಂತಲ್ಲೇ ಬರೆದಳು: ತೀರ್ಪುಗಾರರೂ ಕಪ್ಪು ಅಂಗಿ ತೊಡತಕ್ಕದ್ದು.

ಆಮೇಲೆ ಬಂದು ನನ್ನ ಪಕ್ಕ ಕುಳಿತ. "ಇದು ಮೊದ್ಲನೇದಲ್ಲ ಮೇಷ್ಟ್ರೇ. ಹೋದ ವರ್ಷ ಶ್ರೀಧರ್ ತಾಕಿಸ್ದ. ಅವನಿಗೇ ಗೊತ್ತಾಗ್ಲಿಲ್ಲ."

"ಅವುನಾ?" ಎಂದೆ. ನಕ್ಕುಬಿಟ್ಟ. ಅವನು ನಕ್ಕದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅಂದು ತೋಪಿನಿಂದ ಮನೆಯವರೆಗೆ ಅವನು ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ.

ಲೋಕವನ್ನೆಲ್ಲ ಶಂಕಿಸುವವರಿಗೆ ಮನುಷ್ಯರ ಪರಿಚಯವಿಲ್ಲವೆಂದು ನಾವು ಹೇಳುತ್ತೇವೆ. ತಮ್ಮೊಳಗಿನ ಒಬ್ಬನನ್ನಂತೂ ಅವರು ಬಹಳ ಚೆನ್ನಾಗಿ ಬಲ್ಲರು. ಉಳಿದವರೂ ಅವನಂತೆಯೇ ಇರುತ್ತಾರೆಂದು ಎಣಿಸಿ ಬೇಲಿಯ ಕಿಂಡಿಗಳನ್ನು ಒಂದೊಂದಾಗಿ ಮುಚ್ಚುತ್ತ ಹೋಗುತ್ತಾರೆ. ತಾವು ನುಸುಳಿದ ಕಿಂಡಿಯನ್ನು ಮಾತ್ರ ಬೇರೆ ಯಾರಾದರೂ ಬಂದು ಮುಚ್ಚಲೆಂದು ಒಳಗೊಳಗೇ ಕಾಯುತ್ತಿರುತ್ತಾರೆ.