ಫಕ್ಕೀರಪ್ಪನ ದೋಣಿ ಮುಳುಗಿಸಿದ್ದು

ಹಿರೇಕೆರೆಯಲ್ಲಿ ಪಾಳಿ ಮನುಷ್ಯರದಲ್ಲ, ದೋಣಿಯದು. ಧಾರವಾಡದಿಂದ ಕಲಘಟಗಿಯ ದಾರಿ ಹಿಡಿದರೆ ಎಡಕ್ಕೆ ಸಿಗುವ ಆ ಕೆರೆಯಲ್ಲಿ ಅಂಬಿಗರ ಏಳು ಮನೆತನಗಳು ಬಲೆ ಹಾಕುತ್ತ ಬಂದಿವೆ. ಏಳು ಮನೆ, ಏಳು ದೋಣಿ, ವಾರದ ಏಳು ದಿನ. ಒಂದು ದೋಣಿಯ ದಿನ ಇನ್ನೊಂದು ದೋಣಿ ಬಲೆ ಬಿಡುವುದಿಲ್ಲ. ವರ್ಷಕ್ಕೊಮ್ಮೆ ಗಂಗಮ್ಮನಿಗೆ ಉಡಿ ತುಂಬುವ ಹುಣ್ಣಿಮೆಯಂದು ಎಲ್ಲ ದೋಣಿಗಳೂ ನಡುನೀರಿನ ಆನೆಗಲ್ಲನ್ನು ಸುತ್ತು ಹಾಕಿ ಬರಬೇಕು. ಮೊದಲು ದಡ ಮುಟ್ಟಿದವರು ಮೊದಲು ತಮ್ಮ ದಿನ ಆರಿಸಿಕೊಳ್ಳುತ್ತಾರೆ. ಸುತ್ತು ಹಾಕದ ದೋಣಿಗೆ ಪಾಳಿ ಇಲ್ಲ.

ಫಕ್ಕೀರಪ್ಪನ ದೋಣಿ ಸುತ್ತು ಹಾಕಿ ಐದು ವರ್ಷವಾಗಿತ್ತು. ಅವನಿಗೆ ಮೊಣಕಾಲು ಹಿಡಿದದ್ದೇ ತಡ, ದೋಣಿ ದಡದ ಹುಣಸೆಮರದ ಕೆಳಗೆ ಬೋರಲು ಬಿತ್ತು. ಉಳಿದ ಆರು ಮನೆಯವರು ಒಳ್ಳೆಯವರು. ಇವತ್ತು ಏಳುತ್ತಾನೆ, ನಾಳೆ ಏಳುತ್ತಾನೆ ಎಂದು ಅವನ ಪಾಲಿನ ದಿನವನ್ನು ಖಾಲಿ ಬಿಡುತ್ತ ಬಂದರು. ಹೋದ ಚಳಿಗಾಲದಲ್ಲಿ ಮುದುಕ ತೀರಿಕೊಂಡ. ಗಂಡುಮಕ್ಕಳಿಲ್ಲ. ದೋಣಿ ಬಂದದ್ದು ಒಬ್ಬಳೇ ಮಗಳು ಸಾವಂತ್ರೆವ್ವನಿಗೆ.

ಸಾವಂತ್ರೆವ್ವನಿಗೆ ಐವತ್ತೈದರ ಆಚೆ. ಹದಿನಾರಕ್ಕೆ ಮದುವೆಯಾಗಿ ಹುಬ್ಬಳ್ಳಿಗೆ ಹೋದವಳು, ಗಂಡ ತೀರಿದ ಮೇಲೂ ಗೋಪನಕೊಪ್ಪದ ಎರಡು ಕೋಣೆಯ ಮನೆಯಲ್ಲೇ ಉಳಿದಿದ್ದಳು. ಮೀನುಪೇಟೆಯಲ್ಲಿ ಕೂತು ಮೂವತ್ತು ವರ್ಷದಿಂದ ಮೀನು ಮಾರುತ್ತಿದ್ದಳು. ಯಾರೋ ಹಿಡಿದ ಮೀನು, ಇವಳು ಕೊಯ್ದು ಕೊಡುವುದು. ಅಪ್ಪ ಸತ್ತ ಮೇಲೆ ಬೇಸಿಗೆಯ ಒಂದು ದಿನ ಕೆರೆಯ ಅಂಬಿಗರ ಸಂಘದ ಮುಂದಾಳು ಶಂಭುಲಿಂಗ ಪೇಟೆಗೇ ಬಂದು ನಿಂತ.

"ಅಕ್ಕಾ, ನಾ ಹೇಳಲಿಲ್ಲ ಅನಬ್ಯಾಡ. ಫಕ್ಕೀರಪ್ಪಜ್ಜ ಇರೂತನಕಾ ನಾವು ಸುಮ್ಮನಿದ್ವಿ. ಈ ಹುಣ್ಣಿಮಿಗೆ ನಿಮ್ಮ ದೋಣಿ ಸುತ್ತ ಹಾಕಲಿಲ್ಲಂದ್ರ ಪಾಳಿ ಹೋತು. ಬೇರೆ ಮನಿಯವರು ಕೇಳಾಕತ್ತಾರ."

"ಹೋದ ಪಾಳಿ ತಿರಗಿ ಬರತೈತೇನು ತಮ್ಮಾ?"

"ನಮ್ಮ ಕೆರ್‍ಯಾಗ ಇಲ್ಲೀತನಕಾ ಬಂದದ್ದಿಲ್ಲ."

ಅವನು ಹೋದ ಮೇಲೆ ಪಕ್ಕದ ಕಟ್ಟೆಯ ಕಾಳವ್ವ ಚೂರಿ ಒರೆಸುತ್ತ, "ಏ ಸಾವಂತ್ರಿ, ನೀ ದೋಣಿ ನಡಸಿದ್ರ, ನಾ ವಿಮಾನ ನಡಸ್ತೇನಿ ತಗೋ" ಎಂದಳು.

ಸಾವಂತ್ರೆವ್ವ ನಗಲಿಲ್ಲ. ಮದುವೆಗೆ ಮುಂಚೆ ಅಪ್ಪನ ಎದುರಿಗೆ ಕೂತು ಅವಳು ಹುಟ್ಟು ಹಾಕಿದವಳೇ. ತೋಳಿಗೆ ಅದು ಮರೆತಿರಲಿಕ್ಕಿಲ್ಲ. ಅವಳನ್ನು ತಡೆದದ್ದು ಬೇರೆ.

ಅಪ್ಪ ಪ್ರಾಣ ಬಿಡುವ ದಿನ ಮನೆಯಲ್ಲಿ ಇವಳೊಬ್ಬಳೇ ಇದ್ದಳು. "ದೋಣಿ ಮುಳುಗಸವ್ವಾ," ಎಂದಿದ್ದ. ಉಸಿರು ಎಳೆದುಕೊಂಡು, "ಎಂಟು ದಿನಾ ಬಿಟ್ಟು..." ಎಂದ. ಆಮೇಲೆ ಕೈಯೊಂದನ್ನು ಮೇಲಕ್ಕೆ ಮಾಡಿದ. ಅಷ್ಟೇ. ಅವರ ಓಣಿಯಲ್ಲಿ ಸತ್ತವರ ಚಾಪೆ, ದಿಂಬು ನೀರಿಗೆ ಬಿಡುವ ರೂಢಿ ಇತ್ತು. ದೋಣಿಯನ್ನೂ ಹಾಗೆ ತನ್ನ ಹಿಂದೆ ಕಳಿಸೆಂದು ಹೇಳಿದ ಎಂದು ಮಗಳು ತಿಳಿದಳು. ಎಂಟು ದಿನ ಕಳೆದು ಒಂಬತ್ತನೆಯ ದಿನ ಹಾರೆ ತೆಗೆದುಕೊಂಡು ಹುಣಸೆಮರದ ಕೆಳಗೆ ಹೋದಳು. ತಳ ಒಡೆದರೆ ತಾನೇ ಮುಳುಗುತ್ತದೆ. ಹಾರೆ ಎತ್ತಿದಳು, ಇಳಿಸಿದಳು. ಆ ಹಲಗೆಯ ಮೇಲೆ ಅವಳು ಮಲಗಿ ಬೆಳೆದಿದ್ದಳು. ತಿರುಗಿ ಮನೆಗೆ ಬಂದವಳು ಆ ಮಾತನ್ನು ಯಾರಿಗೂ ಹೇಳಲಿಲ್ಲ.

ಈಗ ಪಾಳಿ ಉಳಿಸಬೇಕೆಂದರೆ ಸತ್ತವನ ಮಾತು ಮೀರಬೇಕು. ಮಾತು ನಡೆಸಿದರೆ ಪಾಳಿ ಹೋಗುತ್ತದೆ. ನಾಲ್ಕು ದಿನ ಅನ್ನ ರುಚಿಸಲಿಲ್ಲ. ಐದನೆಯ ದಿನ ಪಾಳಿ ಉಳಿಸುವುದೇ ಸರಿ ಎಂದು ಗಟ್ಟಿ ಮಾಡಿಕೊಂಡು ಬಸ್ಸು ಹತ್ತಿ, ಧಾರವಾಡದಲ್ಲಿಳಿದು ಬಡಗಿ ಗುಲಾಬಸಾಬನ ಅಂಗಡಿ ಹುಡುಕಿಕೊಂಡು ಹೋದಳು.

ಗುಲಾಬಸಾಬನಿಗೆ ಎಪ್ಪತ್ತೈದು. ಚಿಕ್ಕಂದಿನಲ್ಲಿ ಚಕ್ಕಡಿ ಕಟ್ಟುತ್ತಿದ್ದ. ಚಕ್ಕಡಿ ಹೋಗಿ ಟ್ರ್ಯಾಕ್ಟರ್ ಬಂದ ಮೇಲೆ ಬಾಗಿಲು, ಕಿಟಕಿಗೆ ತಿರುಗಿದ. ಮಾಳಮಡ್ಡಿಯ ಹಳೆಯ ಮನೆಗಳ ಎಷ್ಟೋ ಕದಗಳಿಗೆ ಅವನ ಉಳಿ ತಾಗಿದೆ.

"ಕಾಕಾರ, ನಮ್ಮ ದೋಣಿ ಒಂದೀಟು ನೋಡ್ರೆಲಾ."

"ದೋಣಿ? ಯವ್ವಾ, ನಾ ಬಾಗಲಾ ಮಾಡಾಂವ. ನನಗ ಈಜಾಕ ಸುದ್ದಾ ಬರೂದಿಲ್ಲ."

"ನೀವು ಈಜೂದು ಬ್ಯಾಡ್ರಿ. ಅದು ಈಜಿದ್ರ ಸಾಕು."

ಮುದುಕ ನಕ್ಕ. ನಕ್ಕ ಮೇಲೆ ಇಲ್ಲ ಎನ್ನಲು ಆಗಲಿಲ್ಲ.

ದೋಣಿ ಮಗುಚಿ ನೋಡಿದರೆ ಹಲಗೆ ಹಲಗೆಯ ನಡುವೆ ಬೆರಳು ತೂರುವಷ್ಟು ಸಂದು. ಒಳಗೆ ನಿಂತರೆ ಕೆಳಗಿನ ಹುಲ್ಲು ಕಾಣುತ್ತಿತ್ತು. ಮರ ಮಾತ್ರ ಗಟ್ಟಿ ಇತ್ತು. ಗುಲಾಬಸಾಬ ಬೆರಳ ಗೆಣ್ಣಿನಿಂದ ಕುಟ್ಟಿ ಕಿವಿಗೊಟ್ಟು, "ಇದಕ್ಕೇನಾಗಿಲ್ಲ, ನನಗಿಂತ ಛಲೋ ಐತಿ" ಎಂದ. ಆರು ದಿನ ಕೂತು ಪ್ರತಿ ಸಂದಿಗೂ ಅಳತೆಗೆ ಸರಿಯಾಗಿ ತೇಗದ ಬೆಣೆ ಕೆತ್ತಿ, ಅಂಟು ಸವರಿ, ಕೊಡತಿಯಿಂದ ಬಡಿದು ಕೂರಿಸಿದ. ಮೇಲೆ ಉಜ್ಜುಗೊರಡು ಹಾಕಿದ. ಕೈಯಾಡಿಸಿದರೆ ಹಲಗೆ ಎಲ್ಲಿ ಮುಗಿಯಿತು, ಬೆಣೆ ಎಲ್ಲಿ ಶುರುವಾಯಿತು ತಿಳಿಯುತ್ತಿರಲಿಲ್ಲ. ಅಂಥ ಕೆಲಸ.

ಹುಣ್ಣಿಮೆಗೆ ಹನ್ನೆರಡು ದಿನ ಇರುವಾಗ ನೀರಿಗೆ ದಬ್ಬಿದರು. ದೋಣಿ ತೇಲಿತು. ಒಳಗೆ ಒಂದು ಹನಿ ಇಲ್ಲ. ಉಳಿದ ಆರು ಮನೆಯವರೂ ಫೈಬರ್ ದೋಣಿಗೆ ತಿರುಗಿ ವರ್ಷಗಳೇ ಆಗಿದ್ದವು; ಶಂಭುಲಿಂಗ ತನ್ನದರಲ್ಲಿ ಪಕ್ಕಕ್ಕೆ ಬಂದು ಇಣುಕಿ, "ಸಾಬರ, ಇದು ಖರೇ ಮದವಿ ಮನಿ ಬಾಗಲಾ ಆಗೇತ್ರಿ. ಕದಾ ಬಡದು ಒಳಗ ಬರಬೇಕೇನು?" ಎಂದ. ಗುಲಾಬಸಾಬ ದಡದಲ್ಲೇ ನಿಂತು ಗಡ್ಡ ನೀವಿಕೊಂಡ. ಆ ದಿನ ಸಾವಂತ್ರೆವ್ವ ಎರಡು ರೊಟ್ಟಿ ಹೆಚ್ಚು ತಿಂದಳು.

ಮರುದಿನ ಬೆಳಿಗ್ಗೆ ಅವಳು ಬಂದಾಗ ದೋಣಿ ಕಟ್ಟಿದ ಜಾಗದಲ್ಲಿ ದೋಣಿ ಇರಲಿಲ್ಲ. ಹಗ್ಗ ನೀರೊಳಗೆ ಇಳಿದಿತ್ತು. ಸೊಂಟದುದ್ದ ನೀರಿನ ತಳದಲ್ಲಿ ದೋಣಿ ಕೂತಿತ್ತು. ಎಡಬದಿಯ ಎರಡು ಹಲಗೆಗಳು ಮೊಳೆ ಕಿತ್ತುಕೊಂಡು ಹೊರಗೆ ಸಿಡಿದಿದ್ದವು.

ಗುಲಾಬಸಾಬ ಸುದ್ದಿ ತಿಳಿದು ಬಂದು, ನೋಡಿ, ಬಸ್ ಸ್ಟ್ಯಾಂಡಿಗೆ ನಡೆದುಬಿಟ್ಟ. ಅರವತ್ತು ವರ್ಷದ ಕೈಕೆಲಸದಲ್ಲಿ ಅವನು ಹಾಗೆ ಬೆನ್ನು ತಿರುಗಿಸಿದ್ದು ಅದೊಂದೇ ಸಲ. ಸಾವಂತ್ರೆವ್ವ ಹುಣಸೆಮರದ ಬೇರಿನ ಮೇಲೆ ಕೂತಳು. ತಾನು ಮಾಡಲಾರದ್ದನ್ನು ಅಪ್ಪ ತಾನೇ ಮಾಡಿಸಿಕೊಂಡ ಅನ್ನಿಸಿತು ಅವಳಿಗೆ. ಎತ್ತುವ ಗೋಜಿಗೆ ಹೋಗಲಿಲ್ಲ.

ಮೂರನೆಯ ದಿನ ಗುಲಾಬಸಾಬ ಮತ್ತೆ ಬಂದ. ತಪ್ಪು ಎಲ್ಲಿ ಆಯಿತೆಂದು ತಿಳಿಯದೆ ಅವನಿಗೆ ಊಟ ಸೇರಿರಲಿಲ್ಲ. ಸಾವಂತ್ರೆವ್ವನಿಗೂ ಹೇಳಿ ಕಳಿಸಿ ಕರೆಸಿದ್ದ. ಪೈಜಾಮ ತೊಯ್ದರೆ ತೊಯ್ಯಲಿ ಎಂದು, ನೀರಿಗೆ ಹೆದರುತ್ತ ಹೆದರುತ್ತ, ಅವಳ ಭುಜ ಹಿಡಿದು ಇಳಿದ. ನೀರೊಳಗೆ ಕೈ ಬಿಟ್ಟು ದೋಣಿಯ ಮೈ ತಡವಿದ.

"ಕಾಕಾರ, ಬಿಡ್ರಿ ಇನ್ನ," ಎಂದಳು ಸಾವಂತ್ರೆವ್ವ. "ನಿಮ್ಮ ತಪ್ಪಲ್ಲರಿ ಇದು. ನನ್ನ ತಪ್ಪು. ನಮ್ಮಪ್ಪ ಸಾಯೂ ಮುಂದ ಒಂದು ಮಾತು ಹೇಳಿದ್ದ. ನಾ ನಡಸಲಿಲ್ಲ."

"ಏನಂದಿದ್ದ?"

ಹೇಳಿದಳು. ಮೊದಲ ಸಲ ಬಾಯಿಬಿಟ್ಟು ಹೇಳಿದಳು. ಹಾರೆ ಒಯ್ದದ್ದನ್ನೂ ಹೇಳಿದಳು.

ಗುಲಾಬಸಾಬ ಕೇಳುತ್ತಲೇ ಇದ್ದ, ಅವನ ಕೈ ನೀರೊಳಗೆ ಆಡುತ್ತಲೇ ಇತ್ತು. ಬೆಣೆ ಸಿಡಿದು ಹೋದ ಒಂದು ಸಂದು ಅವನ ಬೆರಳಿಗೆ ಸಿಕ್ಕಿತು. ಸಂದು ಎಲ್ಲಿದೆ? ಮೊನ್ನೆ ಕಿರುಬೆರಳು ತೂರುತ್ತಿದ್ದ ಜಾಗದಲ್ಲಿ ಈಗ ಉಗುರು ಹೋಗುತ್ತಿರಲಿಲ್ಲ. ಬೆಣೆ ಇಲ್ಲದೆಯೇ ಹಲಗೆಗಳು ತಾವಾಗಿ ಹತ್ತಿರ ಬಂದು ಕೂಡಿಕೊಂಡಿದ್ದವು. ಇನ್ನೊಂದು ಕಡೆ ನೋಡಿದ. ಅಲ್ಲೂ ಹಾಗೇ.

"ಇನ್ನೊಮ್ಮೆ ಹೇಳ ಯವ್ವಾ. ಹಿಂದ ಮುಂದ ಮಾಡಬ್ಯಾಡ. ಹೆಂಗಂದ ಹಂಗ ಹೇಳು."

"ದೋಣಿ ಮುಳುಗಸವ್ವಾ ಅಂದ. ಎಂಟು ದಿನಾ ಬಿಟ್ಟು ಅಂದ."

"ಬಿಟ್ಟು ಅಂದ ಮ್ಯಾಲೆ?"

"ಮ್ಯಾಲೆ ಏನಿಲ್ರಿ. ಮಾತು ನಿಂತ್ವು. ಕೈ ಹಿಂಗ ಮ್ಯಾಲೆ ಮಾಡಿದ. ದೇವರಿಗೆ ಮಾಡಿದ ಅನಕೊಂಡೆ." ಅಂಗೈ ಮೇಲಾಗಿ ಅವಳು ಕೈ ಎತ್ತಿ ತೋರಿಸಿದಳು.

ಗುಲಾಬಸಾಬ ನೀರಿನಲ್ಲಿ ನಿಂತೇ ಹಣೆ ಹಣೆ ಬಡಿದುಕೊಂಡ.

"ಎತ್ತು ಅಂದಾನ, ಹುಚ್ಚಿ! ಮುಳುಗಸು, ಎಂಟು ದಿನಾ ಬಿಟ್ಟು ಎತ್ತು ಅಂದಾನ! ನಿಮ್ಮಪ್ಪ ನಿನಗ ದೋಣಿ ಕೊಲ್ಲಂತ ಹೇಳಿಲ್ಲ, ಹ್ಯಾಂಗ ನಡಸೂದಂತ ಹೇಳ್ಯಾನ. ಒಣಗಿದ ದೋಣಿ ನೀರು ಕುಡೀಬೇಕು. ಕುಡದು ಉಬ್ಬಬೇಕು. ಉಬ್ಬಿದ್ರ ಸಂದಿ ಮುಚ್ಚತಾವು. ನಾ ಏನ್ ಮಾಡಿದೆ? ಉಬ್ಬಾಕ ಜಾಗಾ ಇಲ್ಲದಂಗ ಬೆಣಿ ಬಡದೆ. ಅದು ಹೊಟ್ಟಿ ಒಡಕೊಂತು."

ಸಾವಂತ್ರೆವ್ವ ತಾನೂ ಬಗ್ಗಿ ಆ ಸಂದಿಗೆ ಬೆರಳಿಟ್ಟು ನೋಡಿದಳು.

"ನಾಚಿಗ್ಗೇಡಿ ನಾನು," ಎಂದು ಮುದುಕ ತನ್ನನ್ನೇ ಬೈದುಕೊಳ್ಳತೊಡಗಿದ. "ಬ್ಯಾಸಗ್ಯಾಗ ಚಕ್ಕಡಿ ಗಾಲಿ ಸಡಲಾದ್ರ ಬಿಚ್ಚಿ ಹಳ್ಳದಾಗ ಒಗೀತಿದ್ವಿ. ಎರಡ ದಿನದಾಗ ಬಿಗೀ ಆಗತಿದ್ವು. ನನ್ನ ಕೈಲೇ ನೂರಾರು ಗಾಲಿ ಒಗದೇನಿ. ಬಾಗಲಾ ಮಾಡ್ಕೋತ ಮಾಡ್ಕೋತ ಎಲ್ಲಾ ಮರ್ತೆ. ಬಾಗಲಕ್ಕ ನೀರು ವೈರಿ. ಇದಕ್ಕ ನೀರ ಜೀವಾ."

ಅವಳಿಗೆ ಅಳು ಬಂತು, ಜೊತೆಗೆ ನಗುವೂ. ಇಷ್ಟು ತಿಂಗಳು ಅಪ್ಪನ ಕೊನೆಯ ಮಾತನ್ನು ಹೆಣದ ಹಾಗೆ ಹೊತ್ತು ತಿರುಗಿದ್ದಳು; ಅದು ಬದುಕಿನ ಮಾತಾಗಿತ್ತು. ಅವನು ಹೇಳಿಕೊಟ್ಟು ಹೋಗಿದ್ದ. ಅವಳಿಗೇ, ಮಗಳಿಗೇ ಹೇಳಿದ್ದ: ನೀನು ನಡೆಸು ಅಂತ.

ಆದರೆ ಹುಣ್ಣಿಮೆಗೆ ಎಂಟೇ ದಿನ ಉಳಿದಿತ್ತು. ಸಿಡಿದ ಹಲಗೆಗಳನ್ನು ನೀರೊಳಗೆ ಬಡಿಯಲಾಗುವುದಿಲ್ಲ. ಹಗ್ಗ ಹಾಕಿ ನಾಲ್ಕು ಜನ ಎಳೆದು ದೋಣಿಯನ್ನು ಮೇಲೆ ತಂದರು; ಶಂಭುಲಿಂಗನೂ ಕೈ ಕೊಟ್ಟ. ಮತ್ತೆ ಒಣಗಬಾರದೆಂದು ಗೋಣಿಚೀಲ ತೋಯಿಸಿ ಹೊದಿಸಿಟ್ಟು, ಗುಲಾಬಸಾಬ ಉಳಿದ ಬೆಣೆಗಳನ್ನೆಲ್ಲ ಒಂದೊಂದಾಗಿ ಕಿತ್ತ. ತಾನೇ ಕೂರಿಸಿದ್ದನ್ನು ತಾನೇ ಕೀಳುವುದು, ನೋಡುವವರಿಗೂ ಕಷ್ಟ. ಬೆಣೆಯ ಜಾಗಕ್ಕೆ ಹತ್ತಿ ನೂಲನ್ನು ಡಾಂಬರಿನಲ್ಲಿ ಅದ್ದಿ ಸಡಿಲವಾಗಿ ತುಂಬಿದ. ಎರಡು ಹಲಗೆಗಳಿಗೆ ತಾಮ್ರದ ಹೊಸ ಮೊಳೆ ಬಿದ್ದವು. ಅದಕ್ಕೆ ಎರಡು ದಿನ ಹಿಡಿಯಿತು. ಆಮೇಲೆ ಸಾವಂತ್ರೆವ್ವ ತಾನೇ ಕಲ್ಲು ಹೊತ್ತು ಹೊತ್ತು ದೋಣಿಯಲ್ಲಿ ತುಂಬಿದಳು.

ದಾರಿಹೋಕರು ನಿಂತು ನೋಡಿದರು. "ಏನ್ ಮಾಡಾಕತ್ತೀಬೇ ಅಕ್ಕಾ?"

"ಕಾಣವಲ್ದ? ದೋಣಿ ಮುಳುಗಸಾಕತ್ತೇನಿ."

ಉಳಿದದ್ದು ಆರು ದಿನ. ಅಪ್ಪ ಹೇಳಿದ್ದು ಎಂಟು. ಎರಡು ದಿನದ ಸಾಲ ಎಲ್ಲಿಂದ ತರುವುದು? ಹುಣ್ಣಿಮೆಯ ಬೆಳಿಗ್ಗೆ ಕಲ್ಲು ತೆಗೆದು, ನೀರು ಗೋಚಿ ಹೊರಗೆ ಚೆಲ್ಲಿ, ದೋಣಿಯನ್ನು ಎತ್ತಿದರು. ತೇಲಿತು. ಸಂದುಗಳು ಮುಚ್ಚಿದ್ದವು, ಆದರೆ ತಳದ ಎರಡು ಕಡೆ ನೀರು ಕಣ್ಣು ಬಿಟ್ಟಂತೆ ಒಸರುತ್ತಿತ್ತು.

"ಹುಟ್ಟು ಹಾಕೂದು, ನೀರು ಗೋಚೂದು ಎರಡೂ ಒಬ್ಬಾಕಿ ಕೈಲೆ ಆಗಂಗಿಲ್ಲ," ಎಂದ ಶಂಭುಲಿಂಗ. "ಅಕ್ಕಾ, ನಮ್ಮ ಮಂದಿ ಕರಿಯಂಗಿಲ್ಲ ನೋಡು. ಅವರವರ ದೋಣಿಗೆ ಅವರವರ ಮಂದಿ."

ಸಾವಂತ್ರೆವ್ವ ಸುತ್ತ ನೋಡಿದಳು. ಕಾಳವ್ವ ಹುಬ್ಬಳ್ಳಿಯಿಂದ ಪೂಜೆಗೆಂದು ಬಂದಿದ್ದಳು. ಅವಳು ಎರಡು ಹೆಜ್ಜೆ ಹಿಂದೆ ಸರಿದು, "ನನ್ನ ಭಾರಕ್ಕ ನಿನ್ನ ದೋಣಿ ಆನಿಗಲ್ಲಿನತನಕಾ ಹೋಗೂದಿಲ್ಲ ಬೇ" ಎಂದಳು.

ಆಗ ಗುಲಾಬಸಾಬ ಚಪ್ಪಲಿ ಬಿಟ್ಟ.

"ಕಾಕಾರ, ನಿಮಗ ಈಜಾಕ ಬರೂದಿಲ್ಲ."

"ಬರೂದಿಲ್ಲ. ಅದಕ್ಕ ಜೋರ ಗೋಚತೇನಿ. ನಾ ಈ ದೋಣಿ ಮಂದಿ ಹೌದಲ್ಲೋ, ಶಂಭುಲಿಂಗಾ? ಇದರಾಗ ಎಷ್ಟು ಮೊಳಿ ನನ್ನವು ಅದಾವು ಎಣಸಲೇನು?"

ಶಂಭುಲಿಂಗ ಗಲ್ಲ ತುರಿಸಿಕೊಂಡ. ಆಮೇಲೆ ನೀರು ಗೋಚುವ ಡಬ್ಬಿಯೊಂದನ್ನು ತಂದು ಮುದುಕನ ಕೈಗಿಟ್ಟ.

ಆರು ದೋಣಿಗಳು ಮುಂದೆ ಹೋದವು. ಏಳನೆಯದು ನಿಧಾನಕ್ಕೆ ಹೊರಟಿತು. ಸಾವಂತ್ರೆವ್ವನ ತೋಳು ಮೊದಲ ಹತ್ತು ಹುಟ್ಟಿಗೆ ತಡವರಿಸಿ, ಹನ್ನೊಂದಕ್ಕೆ ಲಯ ಹಿಡಿಯಿತು. ಗುಲಾಬಸಾಬ ಕಣ್ಣು ತಳಕ್ಕೇ ನೆಟ್ಟು, ಒಮ್ಮೆಯೂ ಕೆರೆಯ ಕಡೆ ನೋಡದೆ, ಡಬ್ಬಿಯಿಂದ ನೀರು ಗೋಚಿ ಗೋಚಿ ಹೊರಗೆ ಚೆಲ್ಲಿದ. ಆನೆಗಲ್ಲಿನ ಹಿಂದೆ ಗಾಳಿ ಎದುರಾಯಿತು. ನೀರು ಅವನ ಪಾದ ಮುಚ್ಚಿತು, ಕಣಕಾಲು ಮುಟ್ಟಿತು.

"ಎಷ್ಟ ದೂರ ಐತಿ ತಂಗೀ?"

"ಬಂತ್ರಿ, ಬಂತು."

"ಆಗಿಂದ ಬಂತು ಬಂತು ಅಂತೀ!"

"ಆಗ ಸುಳ್ಳ ಹೇಳಿದ್ದೆ. ಈಗ ಖರೇ."

ಉಳಿದವರೆಲ್ಲ ದಡಕ್ಕೆ ಬಂದು, ಕಾಯಿ ಒಡೆದು, ದಿನ ಹಂಚಿಕೊಂಡು ಮುಗಿಸಿದ್ದ ಹೊತ್ತಿಗೆ ಫಕ್ಕೀರಪ್ಪನ ದೋಣಿಯ ಮೂತಿ ಮಣ್ಣಿಗೆ ತಾಗಿತು. ಗುಲಾಬಸಾಬ ಇಳಿದು ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡ. ಶಂಭುಲಿಂಗ ಬಂದು ದೋಣಿಯೊಳಗೆ ಇಣುಕಿದ, ಗೇಣುದ್ದ ನೀರು ನೋಡಿದ.

"ಸುತ್ತ ಆತು," ಎಂದ. "ಪಾಳಿ ಉಳೀತು. ಆದ್ರ ಅಕ್ಕಾ, ಉಳಿದದ್ದು ಸೋಮವಾರ ಒಂದ."

ಕಾಳವ್ವ ಹಣೆಗೆ ಕೈ ಹಚ್ಚಿಕೊಂಡಳು. "ಸೋಮವಾರ ಹುಬ್ಬಳ್ಳ್ಯಾಗ ಅರ್ಧಾ ಮಂದಿ ಮೀನಾ ಮುಟ್ಟೂದಿಲ್ಲಲ್ಲೇ! ಮೂವತ್ತು ವರ್ಷ ಪ್ಯಾಟ್ಯಾಗ ಕುಂತಾಕಿಗೆ ಸೋಮವಾರ ಬರಬೇಕ?"

ಸಾವಂತ್ರೆವ್ವ ಸೀರೆಯ ಸೆರಗು ಹಿಂಡಿ ಮುಖ ಒರೆಸಿಕೊಂಡಳು.

"ಬರಕೋ ತಮ್ಮಾ, ಸೋಮವಾರ," ಎಂದಳು. "ಇನ್ನರ್ಧಾ ಮಂದಿ ತಿಂತಾರಲ್ಲ."