ರವಿವಾರದ ಒಡಪು

ಗಂಡನ ಹೆಸರನ್ನು ಬಾಯಲ್ಲಿ ತೆಗೆದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮ ಕಡೆಯ ಹೆಂಗಸರಿಗೆ ಯಾರು ಹೇಳಿಕೊಟ್ಟರೋ, ಆ ಪುಣ್ಯಾತ್ಮರೇ ಒಂದು ಕಿಂಡಿಯನ್ನೂ ಬಿಟ್ಟು ಹೋಗಿದ್ದಾರೆ. ಆ ಕಿಂಡಿಯ ಹೆಸರು ಒಡಪು. ಮದುವೆಯಲ್ಲೋ ಬಸುರಿಯ ಕುಬಸದಲ್ಲೋ ನಾಲ್ಕು ಮಂದಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು "ಹೆಸರು ಹೇಳು, ಅಂದ್ರ ಒಳಗ ಬಿಡತೇವಿ" ಎಂದರೆ, ಎರಡು ಸಾಲು ಪ್ರಾಸ ಕಟ್ಟಿ, ಅದರೊಳಗೆ ಗಂಡನ ಹೆಸರಿಟ್ಟು ಹೇಳಬಹುದು. ಹಾಗೆ ಹೇಳಿದರೆ ಆಯುಷ್ಯಕ್ಕೆ ಏನೂ ಆಗುವುದಿಲ್ಲವಂತೆ. ಯಮನಿಗೂ ಪ್ರಾಸವೆಂದರೆ ಪ್ರೀತಿ ಇರಬೇಕು.

ಸೌಂದರ್ಯಾ ಆ ಸಣ್ಣ ಕಿಂಡಿಯಲ್ಲಿ ತನ್ನ ಇಡೀ ಸಂಸಾರವನ್ನು ತೂರಿಸಿದವಳು.

ಬನಹಟ್ಟಿಯಿಂದ ಜಮಖಂಡಿಯ ಕಡೆಗೆ ಹೊರಟರೆ, ಊರು ಮುಗಿದು ಕಬ್ಬು ಶುರುವಾಗುವ ಮೊದಲು ಸಂಗಮ ಕಾಲೊನಿ ಸಿಗುತ್ತದೆ. ಅಲ್ಲಿ ಮೂರನೆಯ ಸಾಲಿನಲ್ಲಿ ಅವಳ ಮನೆ. ಗಂಡ ಚಿದಾನಂದನಿಗೆ ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನ ಹಿಂದೆ ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ಟಿಗೆ ಹೊಸ ತಂತಿ ಸುತ್ತಿ ಜೀವ ಕೊಡುವ ಕೆಲಸ. ಮಕ್ಕಳಾಗಲಿಲ್ಲ. ಮನೆಯಲ್ಲಿ ಮೂರನೆಯವಳು ಅತ್ತೆ ತಂಗೆವ್ವ. ಮಗನಿಗೆ ಇನ್ನೂ ನಡೆಯಲು ಬಾರದಾಗಲೇ ಗಂಡನನ್ನು ಕಳೆದುಕೊಂಡವಳು, ಮಾತು ಕಡಿಮೆ.

ಕಾಲೊನಿಗೊಂದು ಬ್ಲಾಗ್ ಇತ್ತು, ಈಗಲೂ ಇದೆ. ಹೆಸರು 'ನಮ್ಮ ಕಾಲೊನಿ'. ಬ್ಯಾಂಕಿನಿಂದ ನಿವೃತ್ತರಾದ ವೇದವ್ಯಾಸರಾಯರು ಹೊತ್ತು ಹೋಗದೆ ಅದನ್ನು ಶುರು ಮಾಡಿದ್ದರು. ನಳದ ನೀರು ಯಾವಾಗ ಬರುತ್ತದೆ, ಹಿಂದಿನ ಓಣಿಯ ಮಗ್ಗದ ಖಟಖಟಕ್ಕೆ ಯಾರ ನಿದ್ದೆ ಕೆಟ್ಟಿತು, ಯಾರು ಪಂಢರಪುರಕ್ಕೆ ಹೋಗಿಬಂದರು, ಎಲ್ಲ ಅದರಲ್ಲಿ ಬರುತ್ತಿತ್ತು. ಬರೆಯುವವರೂ ಕಾಲೊನಿಯವರೇ, ಓದುವವರೂ ಅವರೇ, ಓದಿ ಜಗಳಕ್ಕೆ ನಿಲ್ಲುವವರೂ ಅವರೇ. ಒಮ್ಮೆ ರಾಯರು ಮನೆಗೆ ಬಂದು, "ಸೌಂದರ್ಯಾ, ನೀನೂ ಏನರೆ ಬರಿಯವ್ವಾ, ಹೆಣ್ಮಕ್ಕಳು ಯಾರೂ ಬರ್ಯಾಂಗಿಲ್ಲ" ಎಂದರು. ಅವಳು ಏನು ಬರೆಯಬೇಕೆಂದು ತಿಳಿಯದೆ ಒಂದು ಒಡಪು ಬರೆದು ಕೊಟ್ಟಳು.

ಬನಹಟ್ಟಿ ಸೀರಿಗೆ ಕೆಂಪು ದಡಿ, ಬಿಸಿ ರೊಟ್ಟಿ ಮ್ಯಾಲ ಶೇಂಗಾ ಪುಡಿ,
ಚಿದಾನಂದರು ಬರೂದು ತಡಾ ಆದ್ರ ತಾಟ ಮುಚ್ಚಿ ಇಡಿ.

ಕಾಲೊನಿ ಬಿದ್ದು ಬಿದ್ದು ನಕ್ಕಿತು. ಚಿದಾನಂದ ಮನೆಗೆ ತಡವಾಗಿ ಬರುವುದು ಎಲ್ಲರಿಗೂ ಗೊತ್ತಿದ್ದದ್ದೇ. ಅವನೂ ಅಂಗಡಿಯಲ್ಲಿ ಕುಳಿತು ಓದಿ, ಕೆಳಗೆ ಒಂದೇ ಒಂದು ಶಬ್ದ ಬರೆದ. 'ಹಾಜರ್.' ಶಾಲೆಯಲ್ಲಿ ಮಾಸ್ತರು ಹೆಸರು ಕೂಗಿದಾಗ ಹುಡುಗರು ಹೇಳುವಂತೆ.

ಅಲ್ಲಿಂದ ಅದು ರೂಢಿಯಾಯಿತು. ಪ್ರತಿ ರವಿವಾರ ಮಧ್ಯಾಹ್ನ ಅವಳ ಒಡಪು, ಚಹಾದ ಹೊತ್ತಿಗೆ ಅವನ 'ಹಾಜರ್'. ಮನೆಯಲ್ಲಿ ಅವಳು ಅವನನ್ನು ಕರೆಯುತ್ತಿದ್ದುದು "ಏನ್ರಿ" ಎಂದೇ. ಅವನು ಪಕ್ಕದ ಕೋಣೆಯಲ್ಲೇ ಇದ್ದರೂ ಹೆಸರು ಹಿಡಿದು ಕರೆಯಲು ಬ್ಲಾಗಿಗೆ ಹೋಗಬೇಕಾಗಿತ್ತು, ಅವನು ಓಗೊಡಲೂ ಅಲ್ಲಿಗೇ ಬರಬೇಕಾಗಿತ್ತು. ಹುಚ್ಚಾಟ ಅನ್ನಿ. ಆದರೆ ನಾಲ್ಕು ವರ್ಷ ಒಂದು ರವಿವಾರವೂ ತಪ್ಪದ ಹುಚ್ಚಾಟ.

ಹೋದ ವರ್ಷ ಕಾರ್ಖಾನೆಗಳು ಕಬ್ಬು ನುರಿಸುವ ಕಾಲದಲ್ಲಿ, ಮಹಾಲಿಂಗಪುರದಿಂದ ಬರುವಾಗ, ಕೆಂಪು ದೀಪವಿಲ್ಲದೆ ರಸ್ತೆಯಲ್ಲಿ ನಿಂತಿದ್ದ ಕಬ್ಬಿನ ಟ್ರಾಲಿಗೆ ಚಿದಾನಂದನ ಗಾಡಿ ಬಡಿಯಿತು. ಸುದ್ದಿ ಬಂದಾಗ ಸೌಂದರ್ಯಾ ಅವನ ತಾಟು ಬಡಿಸಿ ಮುಚ್ಚಿಟ್ಟಿದ್ದಳು. ಆಮೇಲೆ ಅದನ್ನು ಯಾರು ತೆಗೆದರೋ, ಆ ರೊಟ್ಟಿ ಯಾರು ಚೆಲ್ಲಿದರೋ ಅವಳಿಗೆ ಗೊತ್ತಿಲ್ಲ. ಅವಳಂತೂ ತೆಗೆಯಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ದುಃಖಕ್ಕೆ ಎಡೆ ಸಿಗುತ್ತದೆ ಎಂದುಕೊಂಡರೆ, ಕಚೇರಿಗಳು ಬಿಡಬೇಕಲ್ಲ. ಮರಣದ ದಾಖಲೆಗೆಂದು ಹೋದ ಕಡೆ, ಗಾಜಿನ ಹಿಂದೆ ಕುಳಿತಿದ್ದವನು ತಲೆ ಎತ್ತದೆ ಕೇಳಿದ. "ಗಂಡನ ಹೆಸರೇನ್ರಿ?"

ಸೌಂದರ್ಯಾಳ ನಾಲಿಗೆ ತನ್ನಷ್ಟಕ್ಕೇ ಪ್ರಾಸ ಹುಡುಕಿತು. ಸೀರೆ, ದಡಿ, ರೊಟ್ಟಿ, ಏನೂ ಸಿಗಲಿಲ್ಲ. ಹಿಂದೆ ಸಾಲಿನಲ್ಲಿದ್ದವರು ನೂಕುತ್ತಿದ್ದರು.

"ಚಿದಾನಂದ," ಎಂದಳು.

"ಜೋರ ಹೇಳ್ರಿ ಯಕ್ಕಾ. ಫ್ಯಾನಿನ ಸಪ್ಪಳದಾಗ ಕೇಳಸೂದಿಲ್ಲ."

"ಚಿದಾನಂದ!"

ಬರೀ ಹೆಸರು, ಹಿಂದೆ ಮುಂದೆ ಏನೂ ಇಲ್ಲದ ಬತ್ತಲೆ ಹೆಸರು, ಅವಳ ಬಾಯಿಂದ ಮೊದಲ ಸಲ ಬಂದದ್ದು ಹೀಗೆ, ಯಾರೋ ಒಬ್ಬ ಗುಮಾಸ್ತನಿಗಾಗಿ. ಕಾಯುವುದಕ್ಕೆ ಇನ್ನು ಆಯುಷ್ಯವಿಲ್ಲ, ಯಾರು ಬೇಕಾದರೂ ಕೇಳಬಹುದು, ಎಷ್ಟು ಬೇಕಾದರೂ ಕೂಗಬಹುದು. ಬರುವಾಗ ಬಸ್ಸಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಕಾಲೊನಿಯವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದಾದರೂ ಹಗುರಾಗಬಹುದಿತ್ತು. ಸರದಿಯಂತೆ ಅಡುಗೆ ಮಾಡಿ ತಂದರು, ತಂಗೆವ್ವನನ್ನು ದವಾಖಾನೆಗೆ ಕರೆದುಕೊಂಡು ಹೋದರು. ಬ್ಲಾಗಿನಲ್ಲಿ ಚಿದಾನಂದನ ಫೋಟೋ ಹಾಕಿ ಹಾರ ತೊಡಿಸಿದರು. ಮೂರು ತಿಂಗಳಾದ ಮೇಲೆ ರಾಯರ ಸೊಸೆ ಮೃಣ್ಮಯಿ ಬಂದು, ತಲೆ ತಗ್ಗಿಸಿ, ಕೈಯಲ್ಲಿದ್ದ ಕೀಲಿಗೊಂಚಲನ್ನು ತಿರುವುತ್ತ ಕುಳಿತಳು.

"ವೈನಿ, ಒಡಪಿನ ಅಂಕಣ ಸದ್ಯ ನಾ ನೋಡ್ಕೋತೀನ್ರಿ. ನಿಮಗ ತ್ರಾಸ ಆಗಬಾರದಂತ. ನೀವು ಬೇಕಾದ್ರ ಅಡಿಗಿ ಬಗ್ಗೆ ಬರೀರಿ. ನಿಮ್ಮ ಕೆಂಪಿಂಡಿ ಚಟ್ನಿ ಎಲ್ಲಾರಿಗೂ ಸೇರತದ."

ಸೌಂದರ್ಯಾ "ಹೂಂ" ಎಂದಳು. ಏನು ಹೇಳುತ್ತಿದ್ದಾರೆಂದು ಅವಳಿಗೆ ತಿಳಿಯದೇ ಇರಲಿಲ್ಲ. ಒಡಪು ಮುತ್ತೈದೆಯರ ಸೊತ್ತು. ಗಂಡ ಹೋದವಳಿಗೆ ಯಾವ ಬಾಗಿಲಲ್ಲೂ ಯಾರೂ ಅಡ್ಡ ನಿಂತು ಹೆಸರು ಕೇಳುವುದಿಲ್ಲ. ದಾರಿ ಬಿಟ್ಟು ಸರಿದು ನಿಲ್ಲುತ್ತಾರೆ, ಅಷ್ಟೇ.

ಮುಂದಿನ ರವಿವಾರ ಮೃಣ್ಮಯಿಯ ಒಡಪು ಬಂತು. ಚೆನ್ನಾಗಿಯೇ ಇತ್ತು. ಸೌಂದರ್ಯಾ ಅದನ್ನು ಓದಿ, ಮನಸ್ಸು ತಡೆಯದೆ ತನ್ನ ಹಳೆಯವನ್ನು ನೋಡಲು ಹಿಂದೆ ಹಿಂದೆ ಹೋದಳು. ಅವಳಿಗೆ ಬೇಕಾಗಿದ್ದುದು ಒಡಪಲ್ಲ, ಅದರ ಕೆಳಗಿನ ಒಂದು ಶಬ್ದ. ನಳದ ಸುದ್ದಿ ಇತ್ತು, ಪಂಢರಪುರವಿತ್ತು, ಮಗ್ಗದ ಜಗಳವೂ ಇತ್ತು. ಅವಳ ಒಂದು ಒಡಪೂ ಇರಲಿಲ್ಲ. ಮೊಬೈಲನ್ನು ಮುಚ್ಚಿ ಮತ್ತೆ ತೆರೆದಳು. ಇರಲಿಲ್ಲ.

ಚಪ್ಪಲಿ ಮೆಟ್ಟಿಕೊಂಡು ನೇರ ರಾಯರ ಮನೆಗೆ ಹೋದಳು. ಅವರು ಊಟ ಮುಗಿಸಿ ಅಡಿಕೆ ಕತ್ತರಿಸುತ್ತಿದ್ದರು.

"ಕಾಕಾ, ನನ್ನೂ ಎಲ್ಲಿ ಹೋದೂ?"

ರಾಯರಿಗೆ ಕೂಡಲೇ ತಿಳಿಯಿತು. ಅಡಕೊತ್ತು ಕೆಳಗಿಟ್ಟರು. "ಬಾರವ್ವಾ, ಕೂಡು. ನಾನಽ ತಗದೆ. ಅದರಾಗ ಅವನ ಹೆಸರು ಅದ ನೋಡು, ನೀ ನೋಡಿದಾಗೊಮ್ಮೆ ಸಂಕಟ ಆಗತದ ಅಂತ."

"ಮತ್ತ ಹಾಕ್ರಿ."

"ಮುಚ್ಚಿ ಇಡಬೇಕಂತನಽ ಮಾಡಿದ್ದೆ. ಅದರಾಗ ಎರಡು ಗುಂಡಿ ಇರತಾವ. ಒಂದು ಮುಚ್ಚೂದು, ಇನ್ನೊಂದು ಅಳಸೂದು. ನನಗ ಕನ್ನಡಕ ಇರಲಿಲ್ಲ..." ರಾಯರ ದನಿ ಇಳಿಯಿತು. "ಮೃಣ್ಮಯಿ ಭಾಳ ಪ್ರಯತ್ನ ಮಾಡಿದಳು. ಬರಲಿಲ್ಲವ್ವಾ."

"ಅವರು ಬರದದ್ದು? ಕೆಳಗಿಂದು?"

"ಅದೂ ಅದರ ಸಂಗಾಟನಽ ಹೋಗತದ."

ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಇಲ್ಲಿ ಆಟವಾಡಿದವರು ಯಾರೂ ಇರಲಿಲ್ಲ. ಎದುರಿಗಿದ್ದ ಮುದುಕರ ಕಣ್ಣಲ್ಲೂ ನೀರಿತ್ತು. ಕರುಣೆಯಿಂದ ಆದ ಕೇಡಿಗೆ ಎದುರು ಮಾತಾಡಲು ಬರುವುದಿಲ್ಲ, ಅದೇ ಅದರ ದೊಡ್ಡ ಪೀಡೆ. ನಾಲ್ಕು ವರ್ಷ ಪ್ರತಿ ರವಿವಾರ ಓಗೊಟ್ಟವನು ಎರಡನೆಯ ಸಲ ಸತ್ತಿದ್ದ. "ಇರಲಿ ಬಿಡ್ರಿ ಕಾಕಾ," ಎಂದಳು ಸೌಂದರ್ಯಾ. ಮೃಣ್ಮಯಿ ಒಳಗಿನಿಂದ ನೀರು ತಂದಳು. ಸೌಂದರ್ಯಾ ಕುಡಿಯದೆ ಎದ್ದು ಬಂದಳು.

ಮನೆಯಲ್ಲಿ ತಂಗೆವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಸೌಂದರ್ಯಾ ಕಂಬಕ್ಕೆ ಒರಗಿ ಕುಳಿತು, ಮೊಬೈಲು ತೆಗೆದು ಬರೆಯತೊಡಗಿದಳು. ಅಂಕಣ ಹೋಗಿತ್ತು. ಆದರೆ ಬ್ಲಾಗಿಗೆ ಬರೆಯಲೆಂದು ರಾಯರು ಹಿಂದೆ ಕೊಟ್ಟಿದ್ದ ಪಾಸ್‌ವರ್ಡನ್ನು ಕಸಿದುಕೊಳ್ಳುವುದು ಯಾರಿಗೂ ಹೊಳೆದಿರಲಿಲ್ಲ. ಬರೆದು, ಒರೆಸಿ, ಮತ್ತೆ ಬರೆದು, ಕಣ್ಣು ಮುಚ್ಚಿ ಕಳಿಸಿಬಿಟ್ಟಳು.

ದಡಿ ಸೀರಿ ಮಡಚಿಟ್ಟೆ, ಉಡಲಿಲ್ಲ, ಮುಚ್ಚಿದ ತಾಟ ನಾ ತಗೀಲಿಲ್ಲ,
ಚಿದಾನಂದರ ಹೆಸರು ಹೇಳಂತ ನನ್ನ ಯಾರೂ ಕೇಳಲಿಲ್ಲ.

ಕಾಲೊನಿಯ ಅಷ್ಟೂ ಜನ ಅದನ್ನು ಓದಿದರು. ಓದಿದವರ ಲೆಕ್ಕ ಮೇಲೇರುವುದು ಅವಳಿಗೆ ಕಾಣುತ್ತಿತ್ತು. ನಳ ಒಂದು ತಾಸು ತಡವಾದರೆ ಪುರಾಣ ಬರೆಯುವ ಆ ಮಂದಿಯಲ್ಲಿ ಒಬ್ಬರೂ ಒಂದು ಅಕ್ಷರ ಬರೆಯಲಿಲ್ಲ. ಛಲೋ ಅದ ಅನ್ನಲು ಹೆದರಿಕೆ, ತಪ್ಪು ಅನ್ನಲು ನಾಚಿಕೆ. ಚಹಾದ ಹೊತ್ತು ಬಂತು. ಸೌಂದರ್ಯಾ ಒಡಪಿನ ಕೆಳಗಿನ ಖಾಲಿ ಜಾಗವನ್ನು ನೋಡುತ್ತ ಕುಳಿತಳು. ಬರುವುದಿಲ್ಲವೆಂದು ಗೊತ್ತಿದ್ದೂ ಕಾದಳು. ಆಸೆಗೆ ಬುದ್ಧಿ ಎಲ್ಲಿರುತ್ತದೆ?

"ಏನ ಬರದಿ?" ಎಂದಳು ತಂಗೆವ್ವ. ಅವಳಿಗೆ ಓದಲು ಬರುತ್ತಿರಲಿಲ್ಲ.

"ಏನಿಲ್ಲ ಬಿಡ್ರಿ ಅತ್ತಿ."

"ಓದು."

ಮುದುಕಿ ಬೈಯಬಹುದು, ಸತ್ತ ಮಗನ ಹೆಸರು ಆಟಕ್ಕೆ ತಂದೆ ಎನ್ನಬಹುದು. ತಗ್ಗಿದ ದನಿಯಲ್ಲಿ ಎರಡೂ ಸಾಲು ಓದಿದಳು. ತಂಗೆವ್ವನ ಕೈ ನಿಂತಿತು. ಬೆಳ್ಳುಳ್ಳಿಯ ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಮದಲ ಬರದಾಗ ಅಂವ ಏನಂತಿದ್ದ?"

"ಹಾಜರ್ ಅಂತ ಬರೀತಿದ್ರು."

"ಸಾಲ್ಯಾಗ ಅಂದಂಗ!" ಮುದುಕಿ ನಕ್ಕಳು. ನಗು ಅರ್ಧಕ್ಕೇ ಒಡೆದು, ಸೆರಗಿನಿಂದ ಮುಖ ಮುಚ್ಚಿಕೊಂಡಳು. ಸೌಂದರ್ಯಾ ಹತ್ತಿರ ಸರಿದು ಅವಳ ಬೆನ್ನ ಮೇಲೆ ಕೈಯಿಟ್ಟಳು. ಮಗ ಹೋದ ಮೇಲೆ ಅತ್ತೆ ಸೊಸೆ ಒಬ್ಬರನ್ನೊಬ್ಬರು ಮುಟ್ಟಿ ಅತ್ತದ್ದು ಅದೇ ಮೊದಲು. ಅಲ್ಲಿಯವರೆಗೆ ಇಬ್ಬರೂ ಇನ್ನೊಬ್ಬರಿಗೆ ತ್ರಾಸವಾಗಬಾರದೆಂದು ಬೇರೆ ಬೇರೆ ಮೂಲೆಯಲ್ಲಿ ಅಳುತ್ತಿದ್ದರು.

ಸ್ವಲ್ಪ ಹೊತ್ತಿನ ಮೇಲೆ ತಂಗೆವ್ವ ಮೂಗೊರೆಸಿಕೊಂಡು, ಬೇರೆ ಕಡೆ ನೋಡುತ್ತ, "ನಂದೂ ಒಂದು ಬರಿಯವ್ವಾ," ಎಂದಳು.

"ನಿಮ್ಮದರಿ?"

"ಲಗ್ನದಾಗ ಹೇಳಿದ್ದೆ. ನಮ್ಮವ್ವ ಕಲಿಸಿದ್ದಳು. ಆಮ್ಯಾಲ ಯಾರರೆ ಮತ್ತೊಮ್ಮೆ ಹೇಳು ಅನ್ನೂದರಾಗ ಅವರಽ ಹ್ವಾದ್ರು. ಯಾರೂ ಕೇಳಲಿಲ್ಲ. ನೀನೂ ಕೇಳಿಲ್ಲ."

ಖರೇ, ಸೌಂದರ್ಯಾಳೂ ಕೇಳಿರಲಿಲ್ಲ. ಮದುವೆಯಾಗಿ ಬಂದ ದಿನ ಇದೇ ಬಾಗಿಲಲ್ಲಿ ಓಣಿಯ ಹೆಂಗಸರೆಲ್ಲ ಅಡ್ಡ ನಿಂತು ಅವಳಿಂದ ಒಡಪು ಹೇಳಿಸುವಾಗ, ಅತ್ತೆ ಒಳಗೆ ಒಲೆಯ ಮುಂದೆ ಬೆನ್ನು ಮಾಡಿ ಕುಳಿತಿದ್ದಳು. ಅದು ಈಗ ನೆನಪಾಯಿತು. ಇಷ್ಟು ವರ್ಷ ಒಡಪು ಕಟ್ಟಿ ಕಾಲೊನಿಯನ್ನೆಲ್ಲ ನಗಿಸಿದವಳಿಗೆ, ಅದೇ ಪಡಸಾಲೆಯಲ್ಲಿ ಕುಳಿತ ಇವಳನ್ನು ಒಮ್ಮೆ ಕೇಳಬೇಕೆಂದು ಅನಿಸಿರಲಿಲ್ಲ.

ಸೌಂದರ್ಯಾ ಎದ್ದಳು. ಹೋಗಿ ಬಾಗಿಲಿಗೆ ಅಡ್ಡ ನಿಂತಳು. ಅಳು ನುಂಗಿ, ಎರಡೂ ಕೈ ಚೌಕಟ್ಟಿಗೆ ಊರಿ, "ಹೆಸರು ಹೇಳ್ರಿ, ಅಂದ್ರ ಒಳಗ ಬಿಡತೇನಿ" ಎಂದಳು.

ತಂಗೆವ್ವ ನೆಲಕ್ಕೆ ಕೈಯೂರಿ ಎದ್ದು ನಿಂತಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಬಾಯಿ ತೆರೆದು, ನಾಚಿ, ಮುಚ್ಚಿ, ಮತ್ತೆ ತೆರೆದಳು. ಹಲ್ಲಿಲ್ಲದ ಬಾಯಿಂದ, ಮದುಮಗಳ ರಾಗದಲ್ಲಿ ಹೇಳಿದಳು.

"ತೋಟದಾಗ ಮಾವು, ತಾಟಿನಾಗ ಹೂವು,
ಗಿರಿಮಲ್ಲಪ್ಪನವರ ಸಂಗಾಟ ನೂರು ವರ್ಷ ನಾವು."