ನೈಜ ವಸ್ತುವಿಗೆ ಹತ್ತು ಅಂಕ

"ಇನ್ನೊಂದು ಸಲ ಊದಿ ಮಾಮ. ಈ ಸಲ ಪೂರ್ತಿ ಉಬ್ಬಬೇಕು," ಎಂದಳು ವಿಜ್ಞಾನದ ಟೀಚರ್.

ಬೆಳಗ್ಗೆಯಷ್ಟೇ ಮಾಂಸದ ಅಂಗಡಿಯಿಂದ ತಂದ ಆಡಿನ ಒಂದು ಜೊತೆ ಶ್ವಾಸಕೋಶ ಸ್ಟೀಲ್ ತಟ್ಟೆಯಲ್ಲಿ ಒದ್ದೆಯಾಗಿ ಬಿದ್ದಿತ್ತು. ಅದಕ್ಕೆ ಸಿಕ್ಕಿಸಿದ ರಬ್ಬರ್ ಕೊಳವೆಯ ಇನ್ನೊಂದು ತುದಿ ಶಾಲೆಯ ಅಟೆಂಡರನ ಬಾಯಲ್ಲಿತ್ತು. ಅವನು ಕೆನ್ನೆ ಉಬ್ಬಿಸಿಕೊಂಡು ಊದಿದ. ಆಡಿನ ಶ್ವಾಸಕೋಶ ಅರ್ಧ ಉಬ್ಬುವಷ್ಟರಲ್ಲಿ ಅವನಿಗೆ ಕೆಮ್ಮು ಒತ್ತರಿಸಿಕೊಂಡು ಬಂತು. ಮೇಜು ಹಿಡಿದು ಬಗ್ಗಿದವನು ಏಳಲು ಎರಡು ನಿಮಿಷ ಬೇಕಾಯಿತು.

"ಸತ್ತ ಆಡಿಗೇ ನನಗಿಂತ ದಮ್ಮು ಜಾಸ್ತಿ ಇದೆ ಮೇಡಂ," ಎಂದು ಕಣ್ಣು ಒರೆಸಿಕೊಂಡು ನಕ್ಕ.

"ಹೋಗ್ಲಿ ಬಿಡಿ. ಸೈಕಲ್ ಪಂಪ್ ತನ್ನಿ, ಅದ್ರಲ್ಲೇ ಮಾಡೋಣ," ಎಂದಳು ಅವಳು. ನಗು ಬರಲಿಲ್ಲ. ಕೆಮ್ಮು ಕೇಳಿದಾಗಲೆಲ್ಲ ಅವಳ ಕಣ್ಣು ತನ್ನ ಬೀರುವಿನ ಕಡೆ ಹೋಗುತ್ತಿತ್ತು.

ಅಟೆಂಡರನನ್ನು ಮಕ್ಕಳು ಸ್ವಿಚ್ ಮಾಮ ಎಂದು ಕರೆಯುತ್ತಿದ್ದರು. ಪ್ರೊಜೆಕ್ಟರಿನ ಬೀಗದ ಕೈ ಅವನ ಹತ್ತಿರವೇ ಇರುತ್ತಿತ್ತು. ಯಾವ ತರಗತಿಗೆ ಬೇಕೆಂದರೂ ಅದನ್ನು ಹಸುಗೂಸಿನಂತೆ ಎತ್ತಿಕೊಂಡು ಬಂದು, ಪರದೆ ಎಳೆದು, ದೀಪ ಆರಿಸಿ, ಚಿತ್ರ ಸ್ಪಷ್ಟವಾಗುವವರೆಗೆ ಮಸೂರ ತಿರುಗಿಸುತ್ತಿದ್ದ. ಹೆಡ್‌ಮಾಸ್ಟರಿಗೂ ಅದನ್ನು ಮುಟ್ಟಲು ಬಿಡುತ್ತಿರಲಿಲ್ಲ.

ಇಂದು ಅವಳ ಮಾದರಿ ಪಾಠ. ಮೂರು ವರ್ಷದಿಂದ ತಾತ್ಕಾಲಿಕ ಹುದ್ದೆಯಲ್ಲಿ ಜೋತಾಡುತ್ತಿದ್ದಳು. ಕಾಯಂ ಆಗಬೇಕಾದರೆ ಪರೀಕ್ಷಕರ ಮುಂದೆ ಒಂದು ಪಾಠ ಮಾಡಿ ಗೆಲ್ಲಬೇಕು. ಅವರ ನಮೂನೆಯಲ್ಲಿ ನೈಜ ವಸ್ತುವಿಗೆ ಹತ್ತು ಅಂಕ, ಪ್ರಕ್ಷೇಪಿತ ದೃಶ್ಯ ಸಾಧನಕ್ಕೆ, ಅಂದರೆ ಪ್ರೊಜೆಕ್ಟರಿನಲ್ಲಿ ತೋರಿಸುವ ಚಿತ್ರಕ್ಕೆ, ಹತ್ತು. ಹೋದ ವರ್ಷ ಇದೇ ಪರೀಕ್ಷಕರು ಎರಡಕ್ಕೂ ಸೊನ್ನೆ ಸುತ್ತಿ, "ಬರೀ ಸೀಮೆಸುಣ್ಣ" ಎಂದು ಷರಾ ಬರೆದು ಹೋಗಿದ್ದರು. ಈ ಸಲವೂ ಹಾಗಾದರೆ ಕೆಲಸ ಹೋದಂತೆಯೇ. ಅವಳಿಗೆ ರಾತ್ರಿ ಅನ್ನ ಇಳಿಯುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ, ಒಂಬತ್ತು ದಿನದ ಹಿಂದೆ, ಅಟೆಂಡರನ ಹೆಂಡತಿ ಸೆರಗಿನಲ್ಲಿ ಒಂದು ದೊಡ್ಡ ಲಕೋಟೆ ಮುಚ್ಚಿಕೊಂಡು ಸ್ಟಾಫ್ ರೂಮಿಗೆ ಬಂದಿದ್ದಳು.

"ಟೀಚರಮ್ಮ, ಇವ್ರ ಎದೆ ಫೋಟೋ ತೆಗೆದ್ರು. ಚೀಟಿ ಇಂಗ್ಲಿಷ್‌ನಲ್ಲಿದೆ. ಡಾಕ್ಟರು ಗಡಿಬಿಡೀಲಿ ಏನೋ ಹೇಳಿ ಕಳಿಸಿಬಿಟ್ರು, ನಮ್ಗೆ ತಲೆಬುಡ ಗೊತ್ತಾಗ್ಲಿಲ್ಲ. ಓದಿ ಹೇಳ್ತೀರಾ?"

ಟೀಚರ್ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದಳು. ಎಡ ಶ್ವಾಸಕೋಶದ ಮೇಲ್ಭಾಗದಲ್ಲಿ ಕೋಳಿಮೊಟ್ಟೆಯ ಗಾತ್ರದ ಬಿಳಿ ಕಲೆ. ಚೀಟಿಯಲ್ಲಿ "ತಡಮಾಡದೆ ದೊಡ್ಡ ಆಸ್ಪತ್ರೆಗೆ" ಎಂಬ ಸಾಲಿನ ಕೆಳಗೆ ಎರಡು ಗೆರೆ ಎಳೆದಿತ್ತು. ಅವಳಿಗೆ ಅಯ್ಯೋ ಪಾಪ ಅನ್ನಿಸಿದ್ದೂ ನಿಜ. ಆದರೆ ಅದರ ಬೆನ್ನಿಗೇ, ಇಷ್ಟು ಸ್ಪಷ್ಟವಾದ ಎಕ್ಸ್‌ರೇ ಎಲ್ಲಿ ಹುಡುಕಿದರೂ ಸಿಗುವುದಿಲ್ಲ ಅನ್ನಿಸಿತು. ಇದನ್ನು ಪ್ರೊಜೆಕ್ಟರಿನ ಗಾಜಿನ ಮೇಲಿಟ್ಟರೆ ಸಾಕು.

"ಕಫ ಕಟ್ಟಿದೆ ಅಷ್ಟೆ," ಎಂದಳು. "ಇದು ನನ್ನ ಹತ್ರಾನೇ ಇರ್ಲಿ. ನಮ್ಮಣ್ಣನ ಸ್ನೇಹಿತರೊಬ್ರು ಡಾಕ್ಟರಿದಾರೆ, ತೋರಿಸಿ ಹೇಳ್ತೀನಿ."

"ನೀವು ಹೇಳಿದ ಮೇಲೆ ಮುಗೀತು," ಎಂದು ಆ ಹೆಂಗಸು ಕೈಮುಗಿದು ಹೋದಳು.

ಅಂಥ ಡಾಕ್ಟರು ಯಾರೂ ಇರಲಿಲ್ಲ. ಲಕೋಟೆ ಅವಳ ಬೀರುವಿನಲ್ಲೇ ಉಳಿಯಿತು. ಒಂಬತ್ತು ದಿನದಲ್ಲಿ ಏನು ಮಹಾ ಆಗುತ್ತದೆ, ಪಾಠ ಮುಗಿದ ದಿನವೇ ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ದಿನವೂ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಜನ ತಮ್ಮ ಮನಸ್ಸಿಗೆ ಹೇಳಿಕೊಳ್ಳುವಷ್ಟು ನಯವಾದ ಸುಳ್ಳನ್ನು ಪರರಿಗೆ ಹೇಳಲಾರರು. ನಿನ್ನೆ ಎಕ್ಸ್‌ರೇಯನ್ನು ಪಾಠದಲ್ಲಿ ತೋರಿಸಲು ಅಟೆಂಡರನ ಒಪ್ಪಿಗೆಯನ್ನೂ ಕೇಳಿದ್ದಳು. ಅವನು ಹಿರಿಹಿರಿ ಹಿಗ್ಗಿದ. "ನನ್ನ ಫೋಟೋ ಗೋಡೆ ತುಂಬಾನಾ! ಮದುವೇಲೂ ಅಷ್ಟು ದೊಡ್ಡದು ತೆಗೆಸಿರ್ಲಿಲ್ಲ ಮೇಡಂ." ಯಾರದೆಂದು ಹೇಳುವುದು ಬೇಡ ಎಂದಾಗ ಅದಕ್ಕೂ ತಲೆಯಾಡಿಸಿದ. ಇವತ್ತು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ.

ಪಾಠ ಚೆನ್ನಾಗಿಯೇ ಶುರುವಾಯಿತು. ಸೈಕಲ್ ಪಂಪಿನಿಂದ ಗಾಳಿ ಹಾಕಿದಾಗ ಆಡಿನ ಶ್ವಾಸಕೋಶ ಬುಸ್ಸೆಂದು ಎದ್ದಿತು. ಮಕ್ಕಳು "ಹೋ" ಎಂದರು. ಇಬ್ಬರು ಹುಡುಗಿಯರು ಮೂಗು ಮುಚ್ಚಿಕೊಂಡೇ ಮುಟ್ಟಿ ನೋಡಿದರು. ಹಿಂದಿನ ಕುರ್ಚಿಯಲ್ಲಿ ಕುಳಿತಿದ್ದ ಪರೀಕ್ಷಕರು ನೈಜ ವಸ್ತುವಿನ ಎದುರು ಎಂಟು ಎಂದು ಬರೆದದ್ದು ಅವಳಿಗೆ ನಿಂತಲ್ಲಿಂದಲೇ ಕಂಡಿತು.

"ಮಾಮ, ಲೈಟ್," ಎಂದಳು.

ಕೋಣೆ ಕತ್ತಲಾಯಿತು. ಎಕ್ಸ್‌ರೇ ಪರದೆಯ ಮೇಲೆ ಆಳೆತ್ತರಕ್ಕೆ ಮೂಡಿತು. ಸ್ವಿಚ್ ಮಾಮ ಮಸೂರ ತಿರುಗಿಸಿ ತಿರುಗಿಸಿ ಒಂದೊಂದು ಮೂಳೆಯನ್ನೂ ಚೊಕ್ಕವಾಗಿ ಕಾಣಿಸಿದ. ಅವಳು ಅಂದುಕೊಂಡಿದ್ದಂತೆಯೇ ಕೋಲಿನಿಂದ ಪಕ್ಕೆಲುಬು ತೋರಿಸಿದಳು, ಮಕ್ಕಳಿಂದ ಎಣಿಕೆ ಮಾಡಿಸಿದಳು, ಹೃದಯ ಎಲ್ಲಿದೆ ಎಂದು ಕೇಳಿದಳು. ಬಿಳಿ ಕಲೆಯ ಸುದ್ದಿಗೇ ಹೋಗಲಿಲ್ಲ.

ಪರೀಕ್ಷಕರು ಆಕಳಿಸಿದರು. "ಇಷ್ಟೇನಾ ಮೇಡಂ? ಪಕ್ಕೆಲುಬು ಎಣಿಸೋಕೆ ಪ್ರೊಜೆಕ್ಟರ್ ಯಾಕೆ ಬೇಕಿತ್ತು, ಚಾರ್ಟ್ ಸಾಕಿತ್ತಲ್ಲ," ಎಂದು ನಮೂನೆಯ ಮೇಲೆ ಪೆನ್ನು ಇಳಿಸಿದರು.

ಟೀಚರ್ ಇದೇ ಮಕ್ಕಳಿಗೆ ವಾರವಿಡೀ ಪುಸ್ತಕದ ಎಕ್ಸ್‌ರೇ ಚಿತ್ರ ತೋರಿಸಿ ಕಪ್ಪು ಅಂದರೇನು, ಬಿಳಿ ಅಂದರೇನು ಎಂದು ಅರೆದು ಕುಡಿಸಿದ್ದಳು. ಅವರನ್ನು ಕೇಳುವ ಮೊದಲು ಮಾಮನನ್ನು ಏನಾದರೂ ನೆಪ ಹೇಳಿ ಹೊರಗೆ ಕಳಿಸಬಹುದಿತ್ತು. ಒಂದು ಲೋಟ ನೀರು ತನ್ನಿ ಅಂದಿದ್ದರೂ ಸಾಕಿತ್ತು. ಅದು ಹೊಳೆಯಿತು ಕೂಡ. ಆದರೆ ಪೆನ್ನು ಆಗಲೇ ಕಾಗದಕ್ಕೆ ತಾಗಿತ್ತು.

"ಮಕ್ಕಳೇ," ಎಂದಳು, "ಈ ವ್ಯಕ್ತಿ ಆರೋಗ್ಯವಾಗಿದ್ದಾರಾ?"

"ಇಲ್ಲಾ ಮಿಸ್!" ಎಂದು ಮೂವತ್ತೆಂಟು ಮಕ್ಕಳು ಒಂದೇ ಉಸಿರಿಗೆ ಕೂಗಿದರು.

ಪರೀಕ್ಷಕರು ನೆಟ್ಟಗೆ ಕುಳಿತರು. "ಹೌದಾ? ಯಾಕೆ? ಯಾರು ಹೇಳ್ತೀರಿ?"

ಎರಡು ಜಡೆಯ ಹುಡುಗಿಯೊಬ್ಬಳು ಎದ್ದಳು. "ಗಾಳಿ ಇರೋ ಕಡೆ ಕಪ್ಪಗಿರುತ್ತೆ ಸಾರ್. ಅಲ್ಲಿ ಮೇಲ್ಗಡೆ ಬೆಳ್ಳಗಿದೆ, ಅಲ್ಲಿಗೆ ಗಾಳಿ ಹೋಗ್ತಿಲ್ಲ. ನಮಗೆ ಬಲಗಡೆ ಕಾಣುತ್ತೆ, ಆದ್ರೆ ಅದು ಅವರ ಎಡಗಡೆ. ಎದುರಿಗೆ ನಿಂತೋರ ಎಡಗೈ ನಮ್ಮ ಬಲಕ್ಕೆ ಬರುತ್ತಲ್ಲ, ಹಾಗೆ."

"ಭೇಷ್! ಚಿಕ್ಕದಾ, ದೊಡ್ಡದಾ?"

"ತುಂಬಾ ದೊಡ್ಡದು ಸಾರ್."

"ಹಾಗಾದ್ರೆ ಅವರೇನು ಮಾಡ್ಬೇಕು?"

ಈಗ ಹುಡುಗನೊಬ್ಬ ಕೈಯೆತ್ತಿ ಕಾಯದೆಯೇ ಹೇಳಿದ. "ಅವತ್ತೇ ದೊಡ್ಡಾಸ್ಪತ್ರೆಗೆ ಹೋಗ್ಬೇಕು ಸಾರ್. ಒಂದು ದಿನಾನೂ ತಡ ಮಾಡಬಾರದು. ತಡ ಮಾಡಿದ್ರೆ ಹರಡಿ, ಸತ್ತೋಗ್ತಾರೆ."

"ಅದ್ಭುತ ಮೇಡಂ," ಎಂದರು ಪರೀಕ್ಷಕರು. ಐದೋ ಆರೋ ಬರೆದಿದ್ದನ್ನು ಹೊಡೆದುಹಾಕಿ ಹತ್ತು ಎಂದು ಬರೆದರು. "ಕಲಿಸೋದು ಅಂದ್ರೆ ಇದು."

ಟೀಚರಿಗೆ ಮೈಯೆಲ್ಲ ಹಗುರವಾಯಿತು. ಆಮೇಲೆ ತಿರುಗಿ ನೋಡಿದಳು. ಪ್ರೊಜೆಕ್ಟರಿನ ಹತ್ತಿರ ಯಾರೂ ಇರಲಿಲ್ಲ.

ಅವನು ಬೆಂಚುಗಳ ನಡುವಿನಿಂದ ನಡೆದು ಬರುತ್ತಿದ್ದ. ಪರದೆಯ ಮುಂದೆ ಬಂದು ನಿಂತ. ಎಡಗಡೆ ಎಂದು ಹುಡುಗಿ ಹೇಳಿದ್ದನ್ನು ತನ್ನ ಎದೆಯ ಮೇಲೆ ಕೈಯಿಟ್ಟು ಹುಡುಕಿ, ಮತ್ತೆ ಪರದೆ ನೋಡಿ, ಬಿಳಿ ಕಲೆಯ ಮೇಲೆ ಬೆರಳಿಟ್ಟ. ಎಕ್ಸ್‌ರೇ ಅರ್ಧ ಪರದೆಯ ಮೇಲೆ, ಅರ್ಧ ಅವನ ಅಂಗಿಯ ಮೇಲೆ ಬಿದ್ದಿತ್ತು.

"ಇದಾ ಮೇಡಂ?" ಎಂದ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ವಿಳಾಸ ಕೇಳುವವನ ಧ್ವನಿ ಅದು. "ಕಫ ಅಂದಿದ್ರಲ್ಲ."

"ಏನಾಯ್ತು? ಯಾರಿವನು?" ಎಂದರು ಪರೀಕ್ಷಕರು.

ಅವರ ಪೆನ್ನು ಇನ್ನೂ ನಮೂನೆಯ ಮೇಲೇ ಇತ್ತು. ಸಹಿ ಆಗಿರಲಿಲ್ಲ.

"ಏನಿಲ್ಲ ಸಾರ್, ನಮ್ಮ ಅಟೆಂಡರು," ಎಂದಳು ಟೀಚರ್. ತನ್ನ ಧ್ವನಿ ಎಷ್ಟು ಸಲೀಸಾಗಿ ಬಂತೆಂದು ಅವಳಿಗೇ ಆಶ್ಚರ್ಯವಾಯಿತು. "ಮಾಮ, ಸ್ವಲ್ಪ ಪಕ್ಕಕ್ಕೆ ಬನ್ನಿ. ಹಿಂದಿನ ಮಕ್ಕಳಿಗೆ ಕಾಣಿಸ್ತಿಲ್ಲ."

"ತಪ್ಪಾಯ್ತು ಮೇಡಂ," ಎಂದು ಅವನು ತಲೆ ತಗ್ಗಿಸಿ, ಬೆಳಕಿಗೆ ಅಡ್ಡ ಬಾರದಂತೆ ಬೆನ್ನು ಬಗ್ಗಿಸಿಕೊಂಡೇ ಗೋಡೆಯ ಬದಿಗೆ ಸರಿದು ನಿಂತ. ಪರದೆಯ ಮೇಲೆ ಪೂರ್ತಿ ಎದೆ ಮತ್ತೆ ಕಾಣಿಸಿತು. ಕೊನೆಯ ಬೆಂಚಿನಲ್ಲಿ ಒಂದು ಮಗು ಏನನ್ನೋ ಕೇಳಲು ಕೈಯೆತ್ತಿ ಕಾಯುತ್ತಿತ್ತು.